ಚಿಕ್ಕಮಾವನ ಪಿಸ್ತೂಲು, ಅತ್ತೆಯ ಮೆಂತ್ಯದ ಡ್ರಮ್ಮು

ಇಡೀ ಮದರಾಸಿನಲ್ಲಿ ಪಿಸ್ತೂಲಿಗೆ ಲೈಸೆನ್ಸ್ ಇಟ್ಟುಕೊಂಡವರ ಪೈಕಿ ಮಹಾ ಪುಕ್ಕಲು ಯಾರು ಅಂತ ಯಾರಾದರೂ ಸ್ಪರ್ಧೆ ಇಟ್ಟಿದ್ದರೆ, ಮೊದಲನೇ ಬಹುಮಾನ ಸೀದಾ ತಾಂಬರಂನ ನಮ್ಮ ಮನೆಗೇ ಬರುತ್ತಿತ್ತು. ಸಂಶಯವೇ ಇಲ್ಲ!

ನಾನು ಹೇಳುತ್ತಿರುವುದು ನಮ್ಮ ಚಿಕ್ಕಮಾವನವರ ವಿಷಯ. ಅಂದರೆ ನನ್ನ ಮಾವನವರ ತಮ್ಮ. ಮದುವೆ ಮಾಡಿಕೊಳ್ಳದೆ ಕೊನೆಯತನಕ ನಮ್ಮ ಜೊತೆಯಲ್ಲೇ ಇದ್ದವರು. ಬೀಚ್ ಸ್ಟೇಷನ್ನಿನಿಂದ ತಾಂಬರಂಗೆ ಓಡುವ ಎಲೆಕ್ಟ್ರಿಕ್ ಟ್ರೈನಿನಲ್ಲಿ ಗಾರ್ಡಾಗಿದ್ದು ರಿಟೈರಾದವರು. ಬಚ್ಚಲಲ್ಲಿ ಜಿರಳೆ ಕಂಡರೆ ನಾವು ಪೊರಕೆ ಹುಡುಕುತ್ತೇವಲ್ಲ, ಅವರು ಬಾಗಿಲು ತೆಗೆದು ಹಿಡಿದು, “ಹೋಗಪ್ಪಾ, ಈ ಕಡೆಯಿಂದ ಹೋಗು” ಎಂದು ದಾರಿ ತೋರಿಸುತ್ತಿದ್ದರು. ಇಂಥವರ ಟ್ರಂಕಿನಲ್ಲಿ ಒಂದು ಪಿಸ್ತೂಲಿತ್ತು ಅಂದರೆ ನೀವು ನಂಬಬೇಕು. ಆಟದ್ದಲ್ಲ, ನಿಜವಾದದ್ದು!

ಅದು ಅವರ ಅಪ್ಪನದು. ನನ್ನ ಯಜಮಾನರ ತಾತ. ಅವರು ಮೀಟರ್ ಗೇಜಿನ ಕಾಲದಲ್ಲಿ ರೈಲ್ವೆಯ ಪೇ ಕ್ಲಾರ್ಕು. ಸಂಬಳದ ಪೆಟ್ಟಿಗೆ ಇಟ್ಟುಕೊಂಡು ಒಂದೊಂದೇ ಸ್ಟೇಷನ್ನಿನಲ್ಲಿ ಇಳಿದು ಗ್ಯಾಂಗಿನವರಿಗೂ ಪಾಯಿಂಟ್ಸ್‌ಮನ್ನುಗಳಿಗೂ ಸಂಬಳ ಹಂಚುವ ಕೆಲಸ. ಪೆಟ್ಟಿಗೆಯ ಕಾವಲಿಗೆ ಅಂತ ಲೈಸೆನ್ಸ್ ಮಾಡಿಸಿ ಕೊಂಡದ್ದು ಈ ಬೆಲ್ಜಿಯಂ ಪಿಸ್ತೂಲು. ನನಗಿಂತ ಹಿರಿದು, ನಮ್ಮತ್ತೆಗಿಂತಲೂ ಹಿರಿದು. ಅಂಗೈಯಗಲ, ಕಪ್ಪು ಬಣ್ಣ ಸವೆದು ಅಂಚುಗಳೆಲ್ಲ ಬೆಳ್ಳಗಾಗಿತ್ತು. ತಾತ ಅದರಿಂದ ಒಂದು ಗುಂಡೂ ಹಾರಿಸಲಿಲ್ಲವಂತೆ. ಚಿಕ್ಕಮಾವ ಆ ವಂಶದ ಕೀರ್ತಿಯನ್ನು ಹಾಗೇ ಉಳಿಸಿಕೊಂಡು ಬಂದಿದ್ದರು.

ಹಾಗಾದರೆ ಆ ಪಿಸ್ತೂಲಿನಿಂದ ಅವರು ಏನು ಮಾಡುತ್ತಿದ್ದರು? ಲೋಡ್ ಮಾಡುತ್ತಿದ್ದರು. ಆಮೇಲೆ ಅನ್‌ಲೋಡ್ ಮಾಡುತ್ತಿದ್ದರು. ಅಷ್ಟೇ! ಪ್ರತಿ ಭಾನುವಾರ ಬೆಳಿಗ್ಗೆ, ತಿಂಡಿಯಾದ ಮೇಲೆ, ಅಡುಗೆಗೆ ಕುಕ್ಕರ್ ಇಡುವ ಮೊದಲು. ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಹಿಂದಿನ ವರಾಂಡದ ಮೇಜಿನ ಮೇಲೆ ಹಳೇ ಟರ್ಕಿ ಟವೆಲ್ ಹಾಸಿ, ಟ್ರಂಕಿನಿಂದ ಪಿಸ್ತೂಲನ್ನೂ ಬೀರುವಿನಿಂದ ಗುಂಡುಗಳನ್ನೂ ಬೇರೆ ಬೇರೆಯಾಗಿ ತರುತ್ತಿದ್ದರು. ಗಂಡಿನ ಕಡೆಯವರನ್ನೂ ಹೆಣ್ಣಿನ ಕಡೆಯವರನ್ನೂ ಮುಹೂರ್ತದ ತನಕ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದ ಹಾಗೆ.

ನನ್ನ ಮಗಳಿಗೆ ಆಗ ಏಳೋ ಎಂಟೋ ವರ್ಷ. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುವ ಜಾತಿ. ಒಂದು ದಿನ ಬಾಗಿಲ ಚೌಕಟ್ಟಿಗೆ ಒರಗಿಕೊಂಡು ಕೇಳಿದಳು: “ತಾತಾ, ಉಡನೇ ವೆಳಿಯೆ ಎಡುಕ್ಕಪೋರೀಂಗ, ಅಪ್ಪುರಂ ಎದುಕ್ಕು ಲೋಡ್ ಪಣ್ರೀಂಗ?” ತಕ್ಷಣವೇ ಹೊರಗೆ ತೆಗೆಯುವುದಾದರೆ ಹಾಕುವುದಾದರೂ ಯಾಕೆ, ಅಂತ. ನ್ಯಾಯವಾದ ಪ್ರಶ್ನೆಯೇ ಅಲ್ಲವೆ?

ಚಿಕ್ಕಮಾವ ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, “ದಿನಾ ಬೆಳಿಗ್ಗೆ ಜಡೆ ಹಾಕಿಸ್ಕೊಂಡು ಸಾಯಂಕಾಲ ಬಿಚ್ಚಿಸ್ಕೊಳಲ್ವಾ ನೀನು? ಆ ಥರಾ” ಎಂದರು. ಮಗಳು ಮಾರನೆಯ ದಿನದಿಂದ ಜಡೆ ಬೇಡ, ಬಾಬ್ ಕಟ್ ಮಾಡಿಸು ಎಂದು ಹಟ ಹಿಡಿದಳು. ನನಗೆ ಬಂದ ಗ್ರಹಚಾರ!

ಈಗ ಡ್ರಮ್ಮಿನ ವಿಷಯ. ಪಿಸ್ತೂಲನ್ನು ಮುಟ್ಟಿದ ಕ್ಷಣದಿಂದ ಕೆಳಗಿಡುವ ತನಕ ಅದರ ಬಾಯಿ ಗುಂಡು ಬಿದ್ದರೂ ಯಾರಿಗೂ ಏನೂ ಆಗದಂಥ ಕಡೆಗೇ ಇರಬೇಕು. ಇದು ಚಿಕ್ಕಮಾವನ ಮೊದಲನೇ ಕಾನೂನು. ಅದಕ್ಕೆಂದೇ ಒಂದು ಹಳೇ ಅಕ್ಕಿ ಡ್ರಮ್ಮಿಗೆ ಕಂಠಮಟ್ಟ ಮರಳು ತುಂಬಿಸಿ ವರಾಂಡದ ಮೂಲೆಯಲ್ಲಿ ಇಟ್ಟಿದ್ದರು. ನಮ್ಮತ್ತೆಗೆ ಖಾಲಿ ಜಾಗ, ಅದರಲ್ಲೂ ಖಾಲಿ ಮಣ್ಣು ಕಂಡರೆ ಕೈ ಸುಮ್ಮನಿರುವುದಿಲ್ಲ. ಒಂದು ಮುಷ್ಟಿ ಮೆಂತ್ಯ ಚೆಲ್ಲಿಬಿಟ್ಟರು. ಮರಳಿನಲ್ಲಿ ಮೆಂತ್ಯ ಹೇಗೆ ಬರುತ್ತದೆ ಅಂತ ನಿಮಗೆ ಗೊತ್ತಲ್ಲ? ವಾರದೊಳಗೆ ಡ್ರಮ್ಮಿನ ತಲೆಯ ಮೇಲೆ ಹಸಿರು ಕ್ರಾಪು!

“ಏನಯ್ಯಾ, ನನ್ನ ಮೆಂತ್ಯಸೊಪ್ಪಿಗೆ ಗುರಿ ಇಡ್ತಿದೀಯಲ್ಲ, ಅದೇನು ಮಾಡ್ತು ನಿನಗೆ?”

“ಸೊಪ್ಪಿಗಲ್ಲ ಅತ್ತಿಗೆ, ಅದರ ಕೆಳಗಿನ ಮರಳಿಗೆ.”

“ಮರಳೇನು ಮಾಡ್ತು?”

“ಏನೂ ಮಾಡಿಲ್ಲ. ಏನೂ ಮಾಡಲ್ಲ ಅಂತಲೇ ಅದರ ಕಡೆ ತಿರುಗ್ಸಿರೋದು.”

ವರಾಂಡದ ಹೊಸಿಲಿನ ಒಳಗೇ ನಿಂತು ಕೇಳುತ್ತಿದ್ದ ಅತ್ತೆ ಸೆರಗು ಕೊಡವಿಕೊಂಡು ಒಳಗೆ ಹೋದರು. ಆ ಪಿಸ್ತೂಲಿಗೆ ಅವರು ಇಟ್ಟ ಹೆಸರು ‘ಶನಿ’. “ಈ ಶನಿ ಮನೆಯಿಂದ ಯಾವತ್ತು ತೊಲಗುತ್ತೋ ಅವತ್ತು ನಾನು ಪಾಯಸ ಮಾಡ್ತೀನಿ” ಎಂದು ನಾನು ಸೊಸೆಯಾಗಿ ಬಂದಾಗಿನಿಂದ ಹೇಳುತ್ತಲೇ ಇದ್ದರು.

ಚಿಕ್ಕಮಾವನ ಎರಡನೇ ಕಾನೂನು ಬೆರಳಿನದು. ತೋರುಬೆರಳು ಕುದುರೆಯ, ಅಂದರೆ ಟ್ರಿಗರಿನ, ಹತ್ತಿರವೂ ಸುಳಿಯಬಾರದು; ಪಕ್ಕದಲ್ಲಿ ಉದ್ದಕ್ಕೆ ಚಾಚಿಕೊಂಡಿರಬೇಕು, ಮೇಷ್ಟರ ಮುಂದೆ ನಿಂತ ವಿದ್ಯಾರ್ಥಿಯ ಹಾಗೆ. ಪಿಸ್ತೂಲಿನ ಎಡಗಡೆ ಸೇಫ್ಟಿ ಅಂತ ಒಂದು ಪುಟ್ಟ ಕೀಲಿತ್ತಲ್ಲ, ಅದನ್ನು ಹಾಕುತ್ತಿದ್ದರೇ ಹೊರತು ನಂಬುತ್ತಿರಲಿಲ್ಲ. “ಅದು ವಯಸ್ಸಾದ ವಾಚ್‌ಮನ್ ಇದ್ದ ಹಾಗಮ್ಮಾ. ಇದಾನೆ ಅಂತ ಬಾಗಿಲು ತೆಗೆದು ಮಲಗೋದಕ್ಕಾಗುತ್ತಾ?” ಎನ್ನುತ್ತಿದ್ದರು.

ಮೂರನೆಯದೇ ಮುಖ್ಯ ಕಾನೂನು. ಇದನ್ನು ನಾನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ: ಮೊದಲು ಮ್ಯಾಗಜೀನು, ಆಮೇಲೆ ಸ್ಲೈಡು! ಹಿಡಿಯ ಹೊಟ್ಟೆಯೊಳಗೆ ಗುಂಡುಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಕೂರುವ ತಗಡಿನ ಡಬ್ಬಿ ಇದೆಯಲ್ಲ, ಅದು ಮ್ಯಾಗಜೀನು. ಮೇಲುಗಡೆ ಹಿಂದಕ್ಕೂ ಮುಂದಕ್ಕೂ ಜಾರುವ ಉಕ್ಕಿನ ಕವಚ ಸ್ಲೈಡು. ಸ್ಲೈಡನ್ನು ಎಳೆದು ಬಿಟ್ಟರೆ ಅದು ಕೆಳಗಿನ ಡಬ್ಬಿಯಿಂದ ಒಂದು ಗುಂಡನ್ನು ತಳ್ಳಿಕೊಂಡು ಹೋಗಿ ನಳಿಗೆಯ ಬುಡದ ಗೂಡಿನಲ್ಲಿ ಕೂರಿಸುತ್ತದೆ. ಖಾಲಿ ಮಾಡುವಾಗ ಮೊದಲು ಡಬ್ಬಿಯನ್ನು ಕಿತ್ತು ಹೊರಗಿಡಬೇಕು. ಆಮೇಲೆ ಸ್ಲೈಡ್ ಎಳೆದು ಗೂಡಿನಲ್ಲಿರುವವನನ್ನು ಎಬ್ಬಿಸಿ ಕಳಿಸಬೇಕು. ಉಲ್ಟಾ ಮಾಡಿದರೆ? ಒಬ್ಬ ಎದ್ದುಹೋದ ತಕ್ಷಣ ಕೆಳಗಿನಿಂದ ಇನ್ನೊಬ್ಬ ಬಂದು ಅಲ್ಲೇ ಕೂತುಬಿಡುತ್ತಾನೆ! “ಸಾಯಂಕಾಲದ ಗಾಡೀಲಿ ಮಾಂಬಳದಲ್ಲಿ ಒಬ್ಬ ಇಳಿದರೆ ಸೀಟು ಖಾಲಿಯಾಗಿರುತ್ತೇನಮ್ಮಾ? ನಾವು ಖಾಲಿ ಅಂದ್ಕೊಂಡು ಹೋಗ್ತೀವಿ, ಆಗಲೇ ಯಾರೋ ಕೂತಿರ್ತಾನೆ. ಇದೂ ಹಂಗೇ. ಡಬ್ಬಿ ತೆಗೆದಾಯ್ತಲ್ಲ, ಎಲ್ಲಾ ಖಾಲಿ ಅಂತ ಜನ ನಂಬ್ತಾರೆ. ಒಳಗೆ ಒಬ್ಬ ಕೂತಿರ್ತಾನೆ.”

ಇಷ್ಟಾದರೂ ಅವರಿಗೆ ಸಮಾಧಾನವಿರಲಿಲ್ಲ. ಆ ಹಳೇ ಪಿಸ್ತೂಲಿನ ಸ್ಲೈಡು ಎಳೆದರೆ ತಾನಾಗಿ ಹಿಂದೆ ನಿಲ್ಲುತ್ತಿರಲಿಲ್ಲ. ಬಲವಾದ ಸ್ಪ್ರಿಂಗು. ಎರಡು ಕೈಯಲ್ಲೂ ಎಳೆದು ಹಿಡಿದುಕೊಂಡೇ ಇರಬೇಕು. ಹಿಡಿದುಕೊಂಡವರು ಗೂಡಿನೊಳಗೆ ಬಗ್ಗಿ ನೋಡುವುದು ಹೇಗೆ? ಆದ್ದರಿಂದ ನೋಡುವುದಕ್ಕೆ ಇನ್ನೊಬ್ಬರು ಬೇಕು. ಇದಕ್ಕೆ ಅವರ ಗಾರ್ಡಿನ ನೌಕರಿಯೂ ಒತ್ತಾಸೆಯಾಗಿತ್ತು. ಎಲೆಕ್ಟ್ರಿಕ್ ಟ್ರೈನಿನಲ್ಲಿ ಹಿಂದಿನ ಗಾರ್ಡು ಗಂಟೆ ಕೊಟ್ಟರೆ ಮುಂದಿನ ಡ್ರೈವರು ಅದೇ ಗಂಟೆಯನ್ನು ತಿರುಗಿ ಕೊಡಬೇಕು. ಆಮೇಲೆ ಗಾಡಿ ಕದಲುವುದು. “ಒಬ್ಬನ ಮಾತಿನ ಮೇಲೆ ಗಾಡಿ ಹೊರಡಬಾರದು” ಎನ್ನುವುದು ಅವರ ಗಾಯತ್ರಿ. ಹಾಗಾಗಿ ಚಿಕ್ಕಮಾವ ಸ್ಲೈಡ್ ಎಳೆದು ಹಿಡಿದು “ನೋಡಿ” ಅನ್ನಬೇಕು. ಇನ್ನೊಬ್ಬರು ಬಗ್ಗಿ ನೋಡಿ “ಖಾಲಿ” ಅನ್ನಬೇಕು. ಚಿಕ್ಕಮಾವ ತಿರುಗಿ “ಖಾಲಿ” ಅನ್ನಬೇಕು. ಆಗ ಆ ವಾರದ ಗಾಡಿ ತಾಂಬರಂ ಮುಟ್ಟಿತು ಅಂತ ಲೆಕ್ಕ.

ಬಹಳ ವರ್ಷ ಆ ಇನ್ನೊಬ್ಬರ ಕೆಲಸ ನನ್ನ ಮಾವನವರದಾಗಿತ್ತು. ಅವರು ತೀರಿಕೊಂಡ ಮೇಲೆ ಹುದ್ದೆ ಖಾಲಿ ಬಿತ್ತು. ತೊಂಬತ್ತರ ದಶಕದ ಕೊನೆಯ ಮಾತಿದು. ಚಿಕ್ಕಮಾವ ಮನೆಯವರನ್ನೆಲ್ಲ ಇಂಟರ್‌ವ್ಯೂ ಮಾಡಿದರು. ನಗಬೇಡಿ! ಮೊದಲು ನಮ್ಮ ಯಜಮಾನರು. ಬ್ಯಾಂಕಿನಲ್ಲಿ ಆಫೀಸರು, ಓದಿದವರು, ಇವರಿಗಿಂತ ಯೋಗ್ಯರು ಬೇಕೆ? ಚಿಕ್ಕಮಾವ “ನೋಡು” ಎನ್ನುವುದರೊಳಗೇ ಯಜಮಾನರು ಪೇಪರಿನಿಂದ ತಲೆಯೆತ್ತದೆ “ಖಾಲಿ” ಎಂದುಬಿಟ್ಟರು.

“ನೋಡದೇ ಸೈನ್ ಮಾಡೋನು ನೀನು. ಫೇಲ್!”

ಅತ್ತೆ ಅರ್ಜಿಯನ್ನೇ ಹಾಕಲಿಲ್ಲ. “ನಾನು ಆ ಶನಿಯ ಮುಖ ನೋಡಲ್ಲ” ಎಂದು ಮೊರದ ಜೊತೆ ಪಡಸಾಲೆಯಲ್ಲೇ ಕೂತರು. ಕೊನೆಗೆ ನನ್ನ ಸರದಿ. ನಾನು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಕನ್ನಡಕ ತಂದು, ಅದನ್ನೂ ಒರೆಸಿ, ಬೆಳಕಿನ ಕಡೆಗೆ ಬಂದು ನಿಂತು, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ನೋಡಿದೆ. ಒಂದು ಸಲ ನೋಡಿ ಸಾಲದೆಂದು, “ಸ್ವಲ್ಪ ಈ ಕಡೆ ಬಗ್ಗಿಸಿ ಮಾವ” ಎಂದು ಇನ್ನೊಂದು ಸಲ ನೋಡಿದೆ. ಸ್ಪ್ರಿಂಗನ್ನು ಎಳೆದು ಹಿಡಿದಿದ್ದ ಅವರ ಮುಖ ಕೆಂಪೇರಿತ್ತು; ಆದರೂ ಆನಂದದಿಂದ ಹೇಳಿದರು: “ಸೆಲೆಕ್ಟೆಡ್!”

ಆ ಪಿಸ್ತೂಲು ಒಮ್ಮೆಯೂ ಉಪಯೋಗಕ್ಕೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು. ಒಂದು ಮಧ್ಯಾಹ್ನ ಕಾಂಪೌಂಡಿನ ತೆಂಗಿನ ಮರಕ್ಕೆ ಒಬ್ಬ ಕಳ್ಳ ಹತ್ತಿದ್ದ. ಹಾಡಹಗಲು! ಅತ್ತೆ ಕೂಗಿಕೊಂಡರು. ಎಂದೂ ಇಲ್ಲದೆ ಅವರ ಬಾಯಿಂದಲೇ, “ಎಲ್ಲಯ್ಯಾ ನಿನ್ನ ಪಿಸ್ತೂಲು? ಸೀಕ್ರಂ ತಗೊಂಡ್ ಬಾ!” ಎಂಬ ಮಾತು ಬಂತು. ಚಿಕ್ಕಮಾವ ಹೊರಟರು. ಟ್ರಂಕು ತೆಗೆದರು. ಟವೆಲ್ ಹಾಸಿದರು. ಬೀರುವಿನ ಬೀಗದಕೈ ಹುಡುಕಿದರು. “ಎಲ್ಲಾರೂ ನನ್ನ ಹಿಂದೆ ನಿಂತ್ಕೊಳ್ಳಿ” ಎಂದರು. ಒಂದೊಂದೇ ಗುಂಡನ್ನು ಒರೆಸಿ ಮ್ಯಾಗಜೀನಿಗೆ ತುಂಬಿದರು. ಅಷ್ಟರಲ್ಲಿ ಕಳ್ಳ ಎಳನೀರುಗಳನ್ನು ಕೆಡವಿ, ಇಳಿದು, ಗೊಂಚಲು ಕಟ್ಟಿಕೊಂಡು, ನಮ್ಮದೇ ಕಲ್ಲಿಗೆ ಕುಟ್ಟಿ ಒಂದನ್ನು ಕುಡಿದು, ಗೇಟನ್ನು ಮರ್ಯಾದೆಯಾಗಿ ಮುಚ್ಚಿಕೊಂಡು ಹೋಗಿದ್ದ. ಚಿಕ್ಕಮಾವ ಹೊರಗೆ ಬಂದು ಮರವನ್ನು ಮೇಲಿನಿಂದ ಕೆಳಗೆ ನೋಡಿದರು.

“ಲೇಟಾಯ್ತಾ?” ಎಂದರು.

“ಇಲ್ಲ, ಇನ್ನೊಂದು ಗಾಡಿ ಇದೆ!” ಎಂದರು ಅತ್ತೆ.

ಆಮೇಲೆ ಏನಾಯಿತು ಅಂದಿರಾ? ತುಂಬಿದ್ದನ್ನು ಖಾಲಿ ಮಾಡಬೇಕಲ್ಲ! ಒಲೆಯ ಮೇಲಿನ ಹಾಲು ಉಕ್ಕಿ ಹೋಗುತ್ತಿದ್ದರೂ ನಾನು ಹೋಗಿ ಬಗ್ಗಿ ನೋಡಿ ಬರಬೇಕಾಯಿತು.

ಇನ್ನೊಮ್ಮೆ ತಿಪಟೂರಿನ ಕಡೆಯ ನೆಂಟರೊಬ್ಬರು ಬಂದಿದ್ದರು. ಸಿನಿಮಾ ಹುಚ್ಚು. ಚಿಕ್ಕಮಾವ ಎಣ್ಣೆ ಬಟ್ಟೆ ತರಲು ಅತ್ತ ತಿರುಗಿದ್ದೇ ತಡ, ಟವೆಲಿನ ಮೇಲಿದ್ದ ಖಾಲಿ ಪಿಸ್ತೂಲನ್ನು ಎತ್ತಿಕೊಂಡು ಒಂದು ಕಣ್ಣು ಮುಚ್ಚಿ ಫ್ಯಾನಿಗೆ ಗುರಿ ಇಟ್ಟರು. ಚಿಕ್ಕಮಾವ ಬೈಯಲಿಲ್ಲ. ಮೆತ್ತಗೆ ಅವರ ಕೈಯಿಂದ ಪಿಸ್ತೂಲು ಬಿಡಿಸಿಕೊಂಡು, ಡ್ರಮ್ಮಿನ ಕಡೆ ತಿರುಗಿಸಿ ಇಟ್ಟು, ಸ್ಟೂಲು ಹತ್ತಿ ಆ ಫ್ಯಾನನ್ನು ಬಿಚ್ಚಲು ಶುರುಮಾಡಿದರು.

“ಯಾಕೆ ಸ್ವಾಮಿ, ಫ್ಯಾನ್ ಬಿಚ್ತಿದೀರಿ?”

“ನೀವು ಅದಕ್ಕೆ ಗುರಿ ಇಟ್ರಲ್ಲ. ಯಾವುದು ಬೇಡವೋ ಅದಕ್ಕೆ ತಾನೇ ಗುರಿ ಇಡೋದು? ಬೇಡ ಅಂದ ಮೇಲೆ ಯಾಕೆ ಅಲ್ಲಿ ಸುಮ್ನೆ ತಿರುಗಬೇಕು?”

ಮೇ ತಿಂಗಳ ಮದರಾಸು! ನೆಂಟರು ಎರಡು ದಿನ ಇರಲು ಬಂದವರು ಸಾಯಂಕಾಲದ ಮೇಲ್ ಗಾಡಿಗೇ ಹೊರಟುಬಿಟ್ಟರು. ಅತ್ತೆ ಆವತ್ತು ಮೈದುನನಿಗೆ ಎರಡು ಹೋಳಿಗೆ ಜಾಸ್ತಿ ಬಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ನೆಂಟರು ಅವರಿಗೂ ಅಷ್ಟಕ್ಕಷ್ಟೆ.

ಆದರೆ ಚಿಕ್ಕಮಾವನ ಖ್ಯಾತಿ ಮನೆಯ ಕಾಂಪೌಂಡು ದಾಟಿ ಹೊರಗೆ ಹಬ್ಬಿದ್ದು ಪೊಲೀಸ್ ಠಾಣೆಯ ಪ್ರಕರಣದಿಂದ. ಚುನಾವಣೆ ಬಂತೆಂದರೆ ಲೈಸೆನ್ಸಿನ ಆಯುಧವನ್ನು ಠಾಣೆಯಲ್ಲಿ ಇಟ್ಟು, ಫಲಿತಾಂಶ ಬಂದ ಮೇಲೆ ವಾಪಸು ತರಬೇಕು. ಆ ವರ್ಷಗಳಲ್ಲಿ ಚುನಾವಣೆಗೇನು ಬರವೆ? ದೆಹಲಿಯಲ್ಲಿ ಸರ್ಕಾರ ಬಿದ್ದ ಸುದ್ದಿ ರೇಡಿಯೋದಲ್ಲಿ ಬಂದರೆ ಚಿಕ್ಕಮಾವ ಎದ್ದು ಪಂಚೆ ಬಿಗಿಸಿಕೊಳ್ಳುತ್ತಿದ್ದರು.

ಮೊದಲ ಸಲ ನಾನೂ ಜೊತೆಗೆ ಹೋಗಿದ್ದೆ. ಠಾಣೆಯ ರೈಟರು ಕೈಚಾಚಿ, “ಕುಡುಂಗ ಸಾರ್, ಉಳ್ಳೆ ವಚ್ಚುಡ್ರೇನ್” ಎಂದ. ಕೊಡಿ, ಒಳಗಿಟ್ಟುಬಿಡ್ತೀನಿ, ಅಂತ. ಹಾಗೆಲ್ಲ ಕೊಟ್ಟುಬಿಡುವವರೇ ನಮ್ಮ ಚಿಕ್ಕಮಾವ? “ನೀಂಗ ಮುದಲ್ಲೆ ಪಾಕ್ಕಣುಂ ತಂಬಿ” ಎಂದು, ನೀವು ಮೊದಲು ನೋಡಬೇಕಪ್ಪಾ ಎಂದು, ಗೋಡೆಗೆ ತೂಗುಹಾಕಿದ್ದ ಮರಳಿನ ಬಕೆಟ್ಟುಗಳ ಕಡೆ ಪಿಸ್ತೂಲನ್ನು ತಿರುಗಿಸಿ, ಮ್ಯಾಗಜೀನು ತೆಗೆದಿರುವುದನ್ನು ತೋರಿಸಿ, ಸ್ಲೈಡನ್ನು ಎಳೆದು ಹಿಡಿದರು. ರೈಟರು ಮೇಜಿನ ಕೆಳಗಿದ್ದ! ಅವನನ್ನು ಸಮಾಧಾನ ಮಾಡಿ ಎಬ್ಬಿಸಿ ನೋಡಿಸಿದ್ದಾಯಿತು. ರೈಟರು ಕೆಳದರ್ಜೆಯವನು, ಅವನ ಮಾತು ಸಾಲದು ಎಂದು ಸಬ್ ಇನ್ಸ್‌ಪೆಕ್ಟರನ್ನು ಕರೆಸಿ ನೋಡಿಸಿದ್ದಾಯಿತು. ಮೂಲೆಯಲ್ಲಿ ಮೊಣಕಾಲು ಕಟ್ಟಿಕೊಂಡು ಕೂತಿದ್ದ ಒಬ್ಬ ಪಿಕ್‌ಪಾಕೆಟಿನವನು ಕೈ ಎತ್ತಿ, “ಸಾರ್, ನಾನುಂ ಪಾಕ್ಕಟ್ಟುಮಾ?” ಎಂದ. ನಾನೂ ನೋಡಲೇ, ಅಂತ! ಚಿಕ್ಕಮಾವ ಅವನಿಗೂ ತೋರಿಸಿದರು. ಅವನು ಬಗ್ಗಿ, ಕಣ್ಣು ಕಿರಿದು ಮಾಡಿ, ಗೂಡಿನೊಳಗೆ ಸರಿಯಾಗಿ ನೋಡಿ, ಇಡೀ ಠಾಣೆಗೆ ಕೇಳುವ ಹಾಗೆ “ಕಾಲಿ ಸಾರ್!” ಎಂದು ಕೂಗಿದ.

ಹೊರಗೆ ಬರುತ್ತಾ ಚಿಕ್ಕಮಾವ ನನ್ನ ಹತ್ತಿರ ಹೇಳಿದರು: “ಅಷ್ಟು ಜನದಲ್ಲಿ ಕೆಲಸ ಗೊತ್ತಿರೋನು ಅವನೊಬ್ಬನೇಮ್ಮಾ.”

ಅದಾದ ಮೇಲೆ ಆ ಸಬ್ ಇನ್ಸ್‌ಪೆಕ್ಟರು ತರಕಾರಿ ಮಾರ್ಕೆಟಿನಲ್ಲಿ ನನ್ನನ್ನು ಕಂಡಾಗಲೆಲ್ಲ ಕೈ ಮುಗಿದು ಕೇಳುತ್ತಿದ್ದದ್ದು ಒಂದೇ ಮಾತು: “ಅಮ್ಮಾ, ಐಯಾ ವರ ಮುನ್ನಾಡಿ ಸೊಲ್ಲುಂಗ, ನಾನ್ ಲೀವ್ ಪೋಟ್ಟುಡ್ರೇನ್.” ಅವರು ಬರುವ ಮೊದಲೇ ಹೇಳಿ, ನಾನು ರಜಾ ಹಾಕಿಬಿಡ್ತೀನಿ!

ಹೀಗೇ ವರ್ಷಗಳು ಹೋದವು. ಮನೆಗೆ ಮೊಬೈಲು ಬಂತು, ಮಗಳು ಕಾಲೇಜಿಗೆ ಸೇರಿದಳು, ನನ್ನ ಕನ್ನಡಕ ದಪ್ಪವಾಯಿತು. ಚಿಕ್ಕಮಾವನ ಕೈ ಸಣ್ಣಗೆ ನಡುಗುವುದಕ್ಕೆ ಶುರುವಾಯಿತು. ಕಾಫಿ ಲೋಟ ಮೇಜಿನ ಮೇಲಿಟ್ಟರೆ ಟಕಟಕ ಸದ್ದಾಗುತ್ತಿತ್ತು. ಲೈಸೆನ್ಸು ರಿನ್ಯೂ ಮಾಡಿಸುವ ಸಮಯವೂ ಹತ್ತಿರ ಬಂತು.

“ಈ ಸಲ ಬೇಡ ಚಿಕ್ಕಪ್ಪ. ಕೊಟ್ಟುಬಿಡೋಣ” ಎಂದರು ಯಜಮಾನರು.

“ಕೊಟ್ಟರೆ ಪಾಯಸ” ಎಂದರು ಅತ್ತೆ.

ಚಿಕ್ಕಮಾವ ಮೊಸರನ್ನ ಕಲೆಸುತ್ತಲೇ ಇದ್ದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಅವರಪ್ಪನದು ಎಂದು ಆ ಮನೆಯಲ್ಲಿ ಉಳಿದಿದ್ದದ್ದು ಅದೊಂದೇ. ಅದಕ್ಕಿಂತ ಹೆಚ್ಚಾಗಿ, ವಾರಕ್ಕೊಂದು ದಿನ ಆ ಟವೆಲ್ ಹಾಸಿದ ಮೇಜಿನ ಮುಂದೆ ಅವರು ಮತ್ತೆ ಗಾರ್ಡಾಗುತ್ತಿದ್ದರು. ಬೆನ್ನು ನೆಟ್ಟಗಾಗುತ್ತಿತ್ತು, ದನಿ ಗಟ್ಟಿಯಾಗುತ್ತಿತ್ತು. ಮಿಕ್ಕ ದಿನಗಳಲ್ಲಿ ಏನಿತ್ತು? ಪೇಪರು, ಹಾಲು ತರುವುದು, ಮಧ್ಯಾಹ್ನದ ನಿದ್ದೆ.

ನಾನೇ ಮಧ್ಯೆ ಬಾಯಿ ಹಾಕಿದೆ. “ಗೂಡಿನಲ್ಲಿ ನೋಡೋಳು ನಾನು ತಾನೇ? ಇಷ್ಟು ವರ್ಷದಲ್ಲಿ ಚಿಕ್ಕಮಾವ ಒಂದು ಸಲವೂ ಕ್ರಮ ತಪ್ಪಿಲ್ಲ. ತಪ್ಪಿದ ದಿನ ನಾನೇ ನಿಮಗೆ ಹೇಳ್ತೀನಿ. ಅಲ್ಲೀತನಕ ಯಾರೂ ಈ ಮಾತು ಎತ್ತಬಾರದು.”

ಯಜಮಾನರು ಒಪ್ಪಿದರು. ಅತ್ತೆ ಗೊಣಗಿದರು. ಚಿಕ್ಕಮಾವ ನನ್ನ ಕಡೆ ಒಂದು ಸಲ ನೋಡಿ ಮೊಸರನ್ನ ಮುಂದುವರಿಸಿದರು.

ಒಂದು ಭಾನುವಾರ. ಎಲ್ಲ ಎಂದಿನಂತೆಯೇ. ಮೆಂತ್ಯ ಆಗಷ್ಟೇ ಕೊಯ್ದಾಗಿತ್ತು, ಡ್ರಮ್ಮಿನ ತಲೆ ಬೋಳಾಗಿತ್ತು. ಚಿಕ್ಕಮಾವ ಲೋಡ್ ಮಾಡಿದರು. ಇನ್ನು ಖಾಲಿ ಮಾಡಬೇಕು. ನಾನು ಕನ್ನಡಕ ಒರೆಸಿಕೊಳ್ಳುತ್ತಿದ್ದೆ. ಸ್ಲೈಡ್ ಎಳೆದ ಸದ್ದು ಕೇಳಿತು, ಒಂದು ಗುಂಡು ಗೂಡಿನಿಂದ ಹೊರಗೆ ಚಿಮ್ಮಿ ಟವೆಲಿನ ಮೇಲೆ ಬಿದ್ದು ಉರುಳಿ ನೆಲಕ್ಕೆ ಬಂತು. ನಾನು ಅದನ್ನು ಹೆಕ್ಕಲು ಬಗ್ಗಿದೆ. ಎದ್ದಾಗ ಮ್ಯಾಗಜೀನು ಮೇಜಿನ ಮೇಲಿತ್ತು. ಚಿಕ್ಕಮಾವ ಮತ್ತೆ ಸ್ಲೈಡನ್ನು ಎಳೆಯುತ್ತಿದ್ದರು. ಕೈ ಸೋತು ಅರ್ಧಕ್ಕೇ ನಿಂತಿತ್ತು.

“ನೋಡಮ್ಮಾ.”

ಬಗ್ಗಿದೆ. ಒಳಗೆ ಹಿತ್ತಾಳೆಯ ಹಳದಿ ಅಂಚು ಹೊಳೆಯಿತು.

ಇಷ್ಟು ವರ್ಷ ಒಂದೇ ಮಾತು ಹೇಳಿ ಅಭ್ಯಾಸವಾದ ನಾಲಿಗೆ. ಕೊನೆಗೆ ಹೇಳಿದೆ: “ಇದೆ, ಮಾವ.”

“ಏನು?”

“ಒಳಗಿದೆ.”

ಅವರು ಅಲುಗಾಡಲಿಲ್ಲ. ಪಿಸ್ತೂಲಿನ ಬಾಯಿ ಡ್ರಮ್ಮಿನ ಕಡೆಗೇ ಇತ್ತು, ಬೆರಳು ಉದ್ದಕ್ಕೇ ಚಾಚಿಕೊಂಡಿತ್ತು. ದೀರ್ಘವಾಗಿ ಉಸಿರೆಳೆದುಕೊಂಡು, ಬಲವನ್ನೆಲ್ಲ ಹಾಕಿ ಸ್ಲೈಡನ್ನು ಪೂರ್ತಿ ಎಳೆದರು. ಎರಡನೇ ಗುಂಡು ಟವೆಲಿನ ಮೇಲೆ ಬಿತ್ತು. “ಈಗ?” ನಾನು ನೋಡಿದೆ. “ಖಾಲಿ.” ಅವರೂ “ಖಾಲಿ” ಎಂದರು. ಆಮೇಲೆ ಕುರ್ಚಿಯಲ್ಲಿ ಕೂತರು.

“ಸ್ಲೈಡ್ ಮೊದಲು ಎಳೆದೆ, ಅಲ್ವೇನಮ್ಮಾ?”

“ಕುಕ್ಕರ್ ಕೂಗ್ತು ಮಾವ, ಅದಕ್ಕೇ ಗಮನ ಆ ಕಡೆ ಹೋಯ್ತು” ಎಂದೆ.

“ಇವತ್ತು ಕುಕ್ಕರೇ ಇಟ್ಟಿಲ್ಲವಲ್ಲಮ್ಮಾ ನೀನು.”

ನಿಜ. ಇನ್ನೂ ಇಟ್ಟಿರಲಿಲ್ಲ. “ಇರಲಿ ಬಿಡಿ. ಯಾರಿಗೆ ಏನಾಯ್ತು? ಹೆಚ್ಚೆಂದರೆ ಮರಳಿಗೆ ತಗಲ್ತಿತ್ತು. ಈ ವಿಷಯ ನಮ್ಮಿಬ್ಬರಲ್ಲೇ ಇರಲಿ” ಎಂದು ಪಿಸುಗುಟ್ಟಿದೆ. ಅವರು ನಕ್ಕರು. ಟವೆಲನ್ನು ನೀಟಾಗಿ ಮಡಿಸಿದರು.

ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೂತಿದ್ದೇವೆ. ನಾನು ಸಾರಿನ ಪಾತ್ರೆ ಎತ್ತಿಕೊಂಡಿದ್ದೆ. ಚಿಕ್ಕಮಾವ ತಟ್ಟೆಯ ಮುಂದೆ ಎದ್ದು ನಿಂತು, ಮೇಲಧಿಕಾರಿಗೆ ವರದಿ ಒಪ್ಪಿಸುವವರ ಹಾಗೆ ಹೇಳಿದರು: “ಇವತ್ತು ಬೆಳಿಗ್ಗೆ ಕ್ರಮ ತಪ್ಪಿದ್ದು ನಾನು. ಗುಂಡು ಒಳಗೇ ಉಳೀತು. ಕಂಡುಹಿಡಿದೋಳು ಇವಳು. ಪಿಸ್ತೂಲು ಕೊಟ್ಟುಬಿಡೋಣ.”

ಅತ್ತೆ ಗೆದ್ದರಲ್ಲ, ಇನ್ನೇನು ಶ್ಯಾವಿಗೆ ಎಲ್ಲಿದೆ ಎಂದು ಕೇಳುತ್ತಾರೆ ಎಂದುಕೊಂಡೆ. ಅವರು ಬಡಿಸುವ ಸೌಟನ್ನು ನೆಲಕ್ಕೆ ಕುಕ್ಕಿದರು.

“ಯಾಕಯ್ಯಾ ಕೊಡಬೇಕು? ಒಂದು ಸಲ ತಪ್ಪಾಯ್ತು ಅಂತ ಕೊಟ್ಟುಬಿಡೋದಾ? ನಾನು ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದ್ದನ್ನ ನೀನು ಎಷ್ಟು ಸಲ ಉಂಡಿಲ್ಲ? ನನ್ನನ್ನ ಅಡುಗೆಮನೆಯಿಂದ ಓಡಿಸಿದ್ರಾ ಯಾರಾದ್ರೂ?”

“ಅದು ಉಪ್ಪು ಅತ್ತಿಗೆ.”

“ಇದು ಕಬ್ಬಿಣ. ಅಷ್ಟೇ ತಾನೇ ವ್ಯತ್ಯಾಸ? ಇಟ್ಕೋ!”

ಯಜಮಾನರೂ ದನಿ ಸೇರಿಸಿದರು: “ಗುಂಡು ಬೇಡ, ಖಾಲಿ ಪಿಸ್ತೂಲು ಇಟ್ಕೊಳ್ಳಿ ಚಿಕ್ಕಪ್ಪ.” ಮಗಳು ಕೂಡ, “ವೇಣಾಂ ತಾತಾ, ಕುಡುಕ್ಕಾದೀಂಗ” ಎಂದು, ಬೇಡ ತಾತಾ ಕೊಡಬೇಡಿ ಎಂದು, ಕಣ್ಣಲ್ಲಿ ನೀರು ತಂದುಕೊಂಡಳು. ಅದುವರೆಗೆ ತೊಲಗಲಿ ತೊಲಗಲಿ ಎನ್ನುತ್ತಿದ್ದ ಮನೆಯೆಲ್ಲ ಒಟ್ಟಾಗಿ ಅವರನ್ನು ಬೇಡುತ್ತಿತ್ತು! ಚಿಕ್ಕಮಾವ ಎಲ್ಲರ ಮಾತನ್ನೂ ಕೇಳಿಸಿಕೊಂಡು, ಕೂತು, “ಸಾರು ಹಾಕಮ್ಮಾ” ಎಂದರು. ಅಲ್ಲಿಗೆ ಮಾತು ಮುಗಿಯಿತು.

ಮೌಂಟ್ ರೋಡಿನ ಒಂದು ಹಳೇ ಬಂದೂಕಿನ ಅಂಗಡಿಗೆ ಕೊಡುವುದೆಂದಾಯಿತು. ಅನುಮತಿಯ ಕಾಗದ ಮಾಡಿಸಿಕೊಂಡು ಎಲೆಕ್ಟ್ರಿಕ್ ಟ್ರೈನ್ ಹತ್ತಿದೆವು. ಅಲ್ಲಿಯೂ ಕಾನೂನು! ಖಾಲಿ ಪಿಸ್ತೂಲು ಪೆಟ್ಟಿಗೆಯಲ್ಲಿ ಬೀಗ ಹಾಕಿಸಿಕೊಂಡು ಚಿಕ್ಕಮಾವನ ಮಡಿಲಲ್ಲಿ. ಮ್ಯಾಗಜೀನು ಪಕ್ಕದಲ್ಲಿ ನನ್ನ ಚೀಲದಲ್ಲಿ. ಗುಂಡುಗಳು ಮುಂದಿನ ಬೋಗಿಯಲ್ಲಿ ನಮ್ಮ ಯಜಮಾನರ ಬಳಿ. ಅವರು ಪ್ರತಿ ಸ್ಟೇಷನ್ನಿನಲ್ಲೂ ಬಾಗಿಲಿಂದ ತಲೆ ಹಾಕಿ ನಮ್ಮನ್ನು ನೋಡುತ್ತಿದ್ದರು, ಮದುವೆಗೆ ಒಪ್ಪದ ಮಾವನ ಹಾಗೆ. ಅಂಗಡಿಯ ಯಜಮಾನರು ವಯಸ್ಸಾದವರು. ಪಿಸ್ತೂಲನ್ನು ತಿರುವಿ ನೋಡಿ, “ಇದನ್ನು ಯಾರೋ ಪ್ರೀತಿಯಿಂದ ಇಟ್ಟುಕೊಂಡಿದ್ದಾರೆ” ಎಂದು ತಮಿಳಿನಲ್ಲಿ ಹೇಳಿದರು. ಚಿಕ್ಕಮಾವ ತಲೆಯಾಡಿಸಿದರು. ವಾಪಸು ಬರುವಾಗ ಗಾಡಿಯಲ್ಲಿ ಅವರ ಎರಡು ಕೈಗಳೂ ಮಡಿಲಲ್ಲಿ ಅಂಗಾತ ಬಿದ್ದಿದ್ದವು. ಪೆಟ್ಟಿಗೆ ಇಲ್ಲದ ಮಡಿಲಲ್ಲಿ ಕೈಗಳನ್ನು ಏನು ಮಾಡಬೇಕೋ ಅವರಿಗೆ ತಿಳಿಯಲಿಲ್ಲ. ಒಮ್ಮೆ ಅವುಗಳನ್ನು ಎತ್ತಿ ನೋಡಿಕೊಂಡು, “ಇನ್ನು ಇವನ್ನ ನಂಬಬಾರದಮ್ಮಾ” ಎಂದರು, ಹವಾಮಾನದ ಬಗ್ಗೆ ಹೇಳುವ ಹಾಗೆ.

ಮುಂದಿನ ಭಾನುವಾರ ಬೆಳಿಗ್ಗೆ ತಿಂಡಿಯಾಯಿತು. ಚಿಕ್ಕಮಾವ ಪೇಪರು ಹಿಡಿದು ಕೂತರು. ಒಂದು ಪುಟವೂ ಮಗುಚಲಿಲ್ಲ. ಅತ್ತೆಗೆ ಆ ವಾರದಲ್ಲೇ ಬಲಗಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಹೊತ್ತು ಹೊತ್ತಿಗೆ ಔಷಧಿಯ ಹನಿ ಹಾಕಬೇಕು. ಅದನ್ನು ಹಾಕುತ್ತಿದ್ದವಳು ನಾನು. ಕಣ್ಣು ಬಿಡಿ ಅಂದರೆ ಬಿಗಿಯಾಗಿ ಮುಚ್ಚಿಕೊಂಡು, “ನೋಡಿ ಹಾಕೇ, ಮೂಗಿಗೆ ಹಾಕ್ಬೇಡ” ಎಂದು ಮನೆಯೆಲ್ಲ ಎದ್ದು ಕೂರುವಂತೆ ಕೂಗುವವರು ಅವರು. ಆವತ್ತೂ ನಾನು ಕೈ ತೊಳೆದು ಸೀಸೆ ತಂದೆ.

ಅತ್ತೆ ನನ್ನ ಕೈಯಿಂದ ಸೀಸೆ ಕಿತ್ತುಕೊಂಡರು. ಗೋಡೆ ಹಿಡಿದು ಮೆಲ್ಲಗೆ ನಡೆದು ಹಿಂದಿನ ವರಾಂಡಕ್ಕೆ ಹೋಗಿ ಮೈದುನನ ಎದುರಿನ ಕುರ್ಚಿಯಲ್ಲಿ ಕೂತರು. ನಾನು ಆ ಮನೆಗೆ ಬಂದಾಗಿನಿಂದ ಭಾನುವಾರದ ಆ ಹೊತ್ತಿನಲ್ಲಿ ಅವರು ವರಾಂಡದ ಹೊಸಿಲು ದಾಟಿದ್ದನ್ನು ನಾನು ಕಂಡಿರಲಿಲ್ಲ.

“ಹಾಕಯ್ಯಾ.”

ಚಿಕ್ಕಮಾವ ತಮ್ಮ ಕೈಗಳನ್ನು ನೋಡಿಕೊಂಡರು. “ನನ್ನ ಕೈ ನಡುಗುತ್ತೆ ಅತ್ತಿಗೆ. ಕಣ್ಣಿನ ವಿಷಯ.”

“ನಡುಗಿದ್ರೆ ಒಂದು ಹನಿ ಬೀಳೋ ಕಡೆ ಎರಡು ಬೀಳ್ತದೆ. ಹಾಕು ಅಂದ್ನಲ್ಲ.”

ಅತ್ತೆ ತಲೆಯನ್ನು ಕುರ್ಚಿಯ ಬೆನ್ನಿಗೆ ಆನಿಸಿದರು. ಕಣ್ಣನ್ನು ಅಗಲವಾಗಿ ತೆರೆದು ಚಾವಣಿಯತ್ತ ನೋಡಿದರು. ಮುಚ್ಚಲಿಲ್ಲ, ಕೂಗಲಿಲ್ಲ. ಚಿಕ್ಕಮಾವ ಕೈ ತೊಳೆದು ಬಂದು, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು, ಉಸಿರು ಬಿಗಿಹಿಡಿದು ಬಗ್ಗಿದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಹನಿ ಸರಿಯಾಗಿ ಕಣ್ಣಿನೊಳಗೇ ಬಿತ್ತು.

ಅತ್ತೆ ಸೆರಗಿನ ತುದಿಯಿಂದ ಕೆನ್ನೆ ಒರೆಸಿಕೊಂಡರು. ಆಮೇಲೆ ಮತ್ತೆ ತಲೆ ಆನಿಸಿ, “ಈಗ ಎಡಗಣ್ಣಿಗೆ ಹಾಕು” ಎಂದರು.

“ಎಡಗಣ್ಣಿಗೆ ಆಪರೇಷನ್ನೇ ಆಗಿಲ್ಲವಲ್ಲ ಅತ್ತಿಗೆ?”

“ಗೊತ್ತು. ಹಾಕು.”